ಬೆಳಕಿನ ಪೆಟ್ಟಿಗೆಯ ಮೇಲೆ ಬಾಗಿದ ಮುಖಗಳು

ನಾನು ಒಂದು ಬೆಳಕಿನ ಪೆಟ್ಟಿಗೆ. ಡಾಕ್ಟರರು ಎಕ್ಸ್‌ರೇ ಹಾಳೆಯನ್ನು ಸಿಕ್ಕಿಸಿ, ಹಿಂದಿನ ದೀಪ ಹಚ್ಚಿ, ಮೂಗು ತಾಗುವಷ್ಟು ಹತ್ತಿರ ಬಂದು ನೋಡುತ್ತಾರಲ್ಲ, ಆ ಪೆಟ್ಟಿಗೆ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಕಾರ್ಖಾನೆಯಲ್ಲಿ. ಅಲ್ಲಿ ಕಪಾಟು, ಕಾಳಿನ ಡಬ್ಬಿ, ಮದುವೆಯ ಟ್ರಂಕು ಎಲ್ಲ ತಯಾರಾಗುತ್ತಿದ್ದವು. ಟ್ರಂಕಿಗೆಂದು ತಂದ ತಗಡಿನಲ್ಲೇ ಒಂದಿಷ್ಟು ಕತ್ತರಿಸಿ ನನ್ನ ಮೈ ಮಾಡಿದರು. ಹೊಟ್ಟೆಯೊಳಗೆ ಎರಡು ಟ್ಯೂಬ್‌ಲೈಟು ಕೂರಿಸಿ, ಮುಖಕ್ಕೆ ಹಾಲಿನಂಥ ಬಿಳಿ ಹಾಳೆಯನ್ನು ಬಿಗಿದರು. ಮೊದಲ ಸಲ ಸ್ವಿಚ್ ಒತ್ತಿದಾಗ ಕಣ್ಣು ಮಿಟುಕಿಸಿ ಮಿಟುಕಿಸಿ ಹೊತ್ತಿಕೊಂಡೆ. "ಚಲೋ ಐತಿ" ಎಂದು ಯಾರೋ ಬೆನ್ನು ತಟ್ಟಿದರು.

ಅಲ್ಲಿಂದ ಲಾರಿಯಲ್ಲಿ ಹೇರಿ ನನ್ನನ್ನು ಬಯಲುಸೀಮೆಯ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಒಯ್ದರು. ಆ ಊರಿನ ಹೆಸರು ಬೇಡ. ಎಕ್ಸ್‌ರೇ ಕೋಣೆಯ ಗೋಡೆಗೆ ನನ್ನನ್ನು ಮೊಳೆ ಹೊಡೆದು ನಿಲ್ಲಿಸಿದರು. ದಿನವೂ ಪ್ರೊಫೆಸರರು ಹುಡುಗರ ಹಿಂಡನ್ನು ಕಟ್ಟಿಕೊಂಡು ಬರುತ್ತಿದ್ದರು. ಒಂದು ಹಾಳೆ ಸಿಕ್ಕಿಸಿ, "ಏನ ಕಾಣತೈತಿ ಹೇಳ್ರಿ" ಎನ್ನುತ್ತಿದ್ದರು. ಹುಡುಗರು ಬಾಯಿ ಬಿಡುತ್ತಿರಲಿಲ್ಲ. ಅವರಿಗೆ ಕಾಣುತ್ತಿದ್ದುದು ಬರೀ ಬೂದು ಬಣ್ಣ. ಪ್ರೊಫೆಸರರು ಪೆನ್ನಿನ ತುದಿಯಿಂದ ಒಂದು ಕಡೆ ತಟ್ಟಿ ತೋರಿಸಿದ ಕೂಡಲೇ ಎಲ್ಲರೂ "ಹೌದ್ರಿ ಹೌದ್ರಿ" ಎನ್ನುತ್ತಿದ್ದರು. ಆಮೇಲೆ ಅವರ ಕಣ್ಣು ಅಲ್ಲಿಂದ ಕದಲುತ್ತಲೇ ಇರಲಿಲ್ಲ. ಪಕ್ಕದಲ್ಲಿ ಇನ್ನೇನಾದರೂ ಇದ್ದರೂ ಅದನ್ನು ಯಾರೂ ಕೇಳುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಆ ಕೋಣೆಗೆ ನನಗಿಂತ ದೊಡ್ಡ ಪೆಟ್ಟಿಗೆಗಳು ಬಂದವು. ನನ್ನನ್ನು ಕಿತ್ತು ಕಾಲೇಜಿನ ಚಿತ್ರಗಾರ್ತಿಯ ಕೋಣೆಗೆ ಕೊಟ್ಟರು. ಆಕೆಯ ಹೆಸರು ಅನಸೂಯಾ. ತಂದೆ ಕಿನ್ನಾಳದಲ್ಲಿ ಮರದ ಗೊಂಬೆಗಳಿಗೆ ಬಣ್ಣ ಹಾಕುತ್ತಿದ್ದವರು. ಮಗಳು ಧಾರವಾಡದಲ್ಲಿ ಚಿತ್ರಕಲೆ ಕಲಿತು ಈ ಕೆಲಸಕ್ಕೆ ಸೇರಿದ್ದಳು. ಹುಡುಗರ ಪಾಠಕ್ಕೆ ಎಲುಬು, ನರ, ಕರುಳುಗಳ ಚಿತ್ರ ಬರೆಯುವುದು, ರೋಗಿಗಳ ಗಡ್ಡೆ, ಗಾಯಗಳ ಫೋಟೋ ತೆಗೆಯುವುದು, ಆಪರೇಷನ್ ನಡೆವಾಗ ಪಕ್ಕದಲ್ಲಿ ನಿಂತು ಒಳಗಿನ ನಕ್ಷೆ ಮಾಡಿಕೊಳ್ಳುವುದು ಆಕೆಯ ಕೆಲಸ. ಆಕೆ ನನ್ನನ್ನು ಗೋಡೆಗೆ ಹಾಕಲಿಲ್ಲ. ಮೇಜಿನ ಮೇಲೆ ಅಂಗಾತ ಮಲಗಿಸಿ, ಮೇಲೆ ಎಕ್ಸ್‌ರೇ ಹಾಳೆ ಇಟ್ಟು, ಅದರ ಮೇಲೆ ತೆಳು ಕಾಗದ ಹಾಸಿ ಗೆರೆ ಎಳೆಯುತ್ತಿದ್ದಳು. ಅಂದಿನಿಂದ ನಾನು ಮನುಷ್ಯರ ಮುಖವನ್ನು ಕೆಳಗಿನಿಂದ ನೋಡತೊಡಗಿದೆ. ಗದ್ದ, ಮೂಗಿನ ಹೊಳ್ಳೆ, ಆಮೇಲೆ ಕಣ್ಣು.

ಡಾಕ್ಟರರು ಹಾಳೆಯನ್ನು ನೋಡುವ ರೀತಿಗೂ ಆಕೆ ನೋಡುವ ರೀತಿಗೂ ಬಹಳ ವ್ಯತ್ಯಾಸವಿತ್ತು. ಅವರು ಬಾಗಿಲಲ್ಲಿ ನಿಂತೇ ಒಮ್ಮೆ ಕಣ್ಣು ಹಾಯಿಸಿ, ರೋಗದ ಹೆಸರು ಹೇಳಿ ಹೋಗುತ್ತಿದ್ದರು. ಅನಸೂಯಾಳ ಕಣ್ಣು ಮಾತ್ರ ಇರುವೆಯ ಹಾಗೆ ಅಂಚು ಹಿಡಿದು ನಡೆಯುತ್ತಿತ್ತು. ಎಲ್ಲಿ ಕಪ್ಪು ಮುಗಿದು ಬೂದು ಶುರುವಾಯಿತು, ಯಾವ ಅಂಚು ಚೂಪು, ಯಾವುದು ಮಸುಕು ಎಂದು ನೋಡುತ್ತಿದ್ದಳು. ಆದರೆ ಅದರ ಅರ್ಥವೇನೆಂದು ಆಕೆಗೆ ಗೊತ್ತಾಗುತ್ತಿರಲಿಲ್ಲ. ಅರ್ಥ ಕಲಿಸಿದವರು ಡಾಕ್ಟರ್ ಶಿವಪುತ್ರ ಹಂಚಿನಾಳ.

ಹಂಚಿನಾಳರು ಮಕ್ಕಳ ಆಪರೇಷನ್ ಮಾಡುವವರು. ದಪ್ಪ ಮೀಸೆ, ಮೆತ್ತನೆಯ ಮಾತು. ಮಧ್ಯಾಹ್ನ ಊಟದ ಡಬ್ಬಿಯನ್ನು ಈ ಕೋಣೆಗೇ ತಂದುಕೊಂಡು, ಜೋಳದ ರೊಟ್ಟಿ ಮುರಿಯುತ್ತಾ ಆಕೆಗೆ ಹಾಳೆ ಓದುವುದನ್ನು ಹೇಳಿಕೊಡುತ್ತಿದ್ದರು. "ನೋಡ್ರಿ ಬಾಯಾರ, ಎಕ್ಸ್‌ರೇ ಅಂದ್ರ ನೆರಳು. ಹಾಳಿಗೆ ಹತ್ರ ಇದ್ದದ್ದರ ನೆರಳು ಚೂಪ ಬೀಳತೈತಿ. ದೂರ ಇದ್ದದ್ದು ಮಂಜ ಮಂಜ. ಮುಂದಿನದು ಯಾವುದು, ಹಿಂದಿನದು ಯಾವುದು ಅನ್ನೂದನ್ನ ಅದರ ಮ್ಯಾಲೆ ತಿಳಕೋಬೇಕು." ಆಕೆ ತಲೆಯಾಡಿಸುತ್ತಿದ್ದಳು. ಅವರಿಗೂ ಆಕೆ ಗೆರೆ ಎಳೆಯುವುದನ್ನು ಕಲಿಸಲು ನೋಡಿದಳು. ಅವರು ಬರೆದ ಮೂತ್ರಪಿಂಡ ಬದನೆಕಾಯಿಯಂತೆ ಆಗುತ್ತಿತ್ತು. ಇಬ್ಬರೂ ನಗುತ್ತಿದ್ದರು. ಆ ನಗುವಿನ ದಿನಗಳು ಬೇಗ ಮುಗಿದವು.

ಒಂದು ಬೇಸಿಗೆಯಲ್ಲಿ ಗುಲೇದಗುಡ್ಡದ ಕಡೆಯಿಂದ ಒಂದು ನೇಕಾರರ ಕುಟುಂಬ ಆಸ್ಪತ್ರೆಗೆ ಬಂತು. ಫಕೀರವ್ವ ಎಂಬ ತಾಯಿ, ಆಕೆಯ ಗಂಡ, ಸೀರೆಯ ತುಂಡಿನಲ್ಲಿ ಸುತ್ತಿದ ಎರಡು ಹೆಣ್ಣುಕೂಸು. ಕೂಸುಗಳು ಎದೆಯ ಕೆಳಗಿನಿಂದ ಹೊಕ್ಕಳವರೆಗೆ ಒಂದಕ್ಕೊಂದು ಅಂಟಿಕೊಂಡು ಹುಟ್ಟಿದ್ದವು. ಕೈಕಾಲು ಬೇರೆ, ತಲೆ ಬೇರೆ, ಹೃದಯವೂ ಬೇರೆ. ಪಿತ್ತಜನಕಾಂಗ ಮಾತ್ರ ಇಬ್ಬರಿಗೂ ಕೂಡಿಕೊಂಡು ಒಂದೇ ಆಗಿತ್ತು. ಇಬ್ಬರೂ ಎದುರುಬದುರಾಗಿ, ಒಬ್ಬಳ ಮುಖವನ್ನು ಇನ್ನೊಬ್ಬಳು ನೋಡುತ್ತಲೇ ಮಲಗಿರುತ್ತಿದ್ದರಂತೆ. ಆಸ್ಪತ್ರೆಯ ಕಾಗದದಲ್ಲಿ ಅವರಿಗೆ 'ಎ' ಮತ್ತು 'ಬಿ' ಎಂದು ಬರೆದರು. ನನ್ನ ಮೇಲೆ ಬಂದ ಹಾಳೆಗಳ ಮೂಲೆಯಲ್ಲೂ ಅದೇ ಅಕ್ಷರಗಳು. ನಾನು ಅವರನ್ನು ಹಾಗೆಯೇ ತಿಳಿದೆ.

'ಬಿ' ಸಣ್ಣವಳು. ಅವಳ ಹೃದಯದಲ್ಲಿ ದೋಷವಿತ್ತು. ಹಾಲು ಕುಡಿಯುವಾಗ ತುಟಿ ನೀಲಿಯಾಗುತ್ತಿತ್ತು. ಅವಳು ಸತ್ತರೆ ಅವಳಿಗೆ ಅಂಟಿಕೊಂಡ 'ಎ' ಕೂಡ ಉಳಿಯುವುದಿಲ್ಲ. ಬೇರೆ ಮಾಡಿದರೆ ಇಬ್ಬರೂ ಉಳಿಯಬಹುದು, ಒಬ್ಬಳು ಉಳಿಯಬಹುದು, ಯಾರೂ ಉಳಿಯದೆ ಇರಬಹುದು. ಹಂಚಿನಾಳರು ಇದನ್ನು ಫಕೀರವ್ವನಿಗೆ ಹೇಳಿದ್ದು ಇದೇ ಕೋಣೆಯ ಬಾಗಿಲಲ್ಲಿ.

"ನನಗೇನ ತಿಳಿತೈತ್ರಿ ಸಾಹೇಬ್ರ," ಎಂದಳು ಫಕೀರವ್ವ. "ನೀವು ಒಳಗ ನೋಡೀರಿ. ನಾ ಹೊರಗ ಅಷ್ಟ ನೋಡೀನಿ. ಎರಡೂ ನನ್ನ ಕೂಸ ಅದಾವು. ಯಾವುದನ್ನ ಬಿಡ್ಲಿ ಅಂತ ಮಾತ್ರ ನನ್ನ ಕೇಳಬ್ಯಾಡ್ರಿ."

"ಕೇಳೂದಿಲ್ಲ ಯವ್ವಾ," ಎಂದರು ಹಂಚಿನಾಳರು. "ಎರಡನ್ನೂ ಉಳಸಾಕ ನೋಡೂಣು."

ಬಣ್ಣದ ಔಷಧವನ್ನು ರಕ್ತನಾಳಕ್ಕೆ ಬಿಟ್ಟು ಎಕ್ಸ್‌ರೇ ತೆಗೆದರು. ಔಷಧ ಒಳಗೆ ಹೋದಾಗ 'ಬಿ' ಉಸಿರಾಡಲು ಒದ್ದಾಡಿ, ಬಹಳ ಹೊತ್ತು ಮೈ ತಣ್ಣಗಾಗಿತ್ತಂತೆ. ಹೀಗೆ ಸಿಕ್ಕಿದ್ದು ಚೆನ್ನಾದ ಒಂದೇ ಹಾಳೆ. ಅದನ್ನು ಅನಸೂಯಾ ನನ್ನ ಮೇಲೆ ಇಟ್ಟು ದೀಪ ಹಚ್ಚಿದಳು. ಎರಡು ಮಕ್ಕಳ ರಕ್ತದ ನರಗಳು ಬೇರುಗಳ ಹಾಗೆ ಎರಡು ಕಡೆಯಿಂದ ಬಂದು ನಡುವಿನಲ್ಲಿ ಹತ್ತಿರವಾಗಿದ್ದವು. ಸರಿಯಾಗಿ ಕತ್ತರಿ ಹಾಯಬೇಕಾದ ಜಾಗದಲ್ಲಿ ಎರಡು ದಪ್ಪ ನರಗಳು ಒಂದನ್ನೊಂದು ಮುಟ್ಟುವಂತೆ ಕಾಣುತ್ತಿದ್ದವು.

ಹಂಚಿನಾಳರು ಆ ಜಾಗವನ್ನೇ ದಿಟ್ಟಿಸುತ್ತಿದ್ದರು. ಕೆಳಗಿನಿಂದ ನೋಡುತ್ತಿದ್ದ ನನಗೆ ಅವರ ಮೀಸೆಯ ಕೆಳಗೆ ತುಟಿ ಅದುರುವುದು ಕಾಣುತ್ತಿತ್ತು.

"ಇಲ್ಲಿ ನೋಡ್ರಿ ಬಾಯಾರ. ಈ ಎರಡು ನರ ಇಲ್ಲಿ ಕೂಡತಾವೋ, ಒಂದರ ಹಿಂದ ಇನ್ನೊಂದು ಹಾದು ಹೋಗತೈತೋ? ಕೂಡಿದ್ರ ಕೊಯ್ಯೂದಕಿಂತ ಮೊದಲ ಎರಡೂ ಕಡೆ ಕಟ್ಟಬೇಕು. ಮುಂಜಾನೆ ನೋಡಿದಾಗ ಕೂಡಿದಂಗ ಕಂಡ್ವು. ಈಗ ನೋಡಿದ್ರ ಇಲ್ಲ. ನನ್ನ ಕಣ್ಣಿನ ಮ್ಯಾಲೆ ನನಗ ನಂಬಿಕಿ ಇಲ್ಲದಂಗ ಆಗೇತಿ."

"ಇನ್ನೊಂದು ಸಲ ತೆಗಿಯಾಕ ಬರೂದಿಲ್ಲೇನ್ರಿ ಸರ್?"

"ಆ ಔಷಧ ಮತ್ತೊಮ್ಮೆ ಬಿಟ್ರ ಸಣ್ಣಾಕಿ ತಡಿಯೂದಿಲ್ಲ. ಮುಂಬೈಗೆ ಕಳಸೂಣಂದ್ರ ದಾರ್ಯಾಗ ಹೋಗತಾಳ. ಅಕಿ ಹೋದ್ರ ಇಕಿನೂ ಹೋದಂಗ. ನಮಗ ಇರೂದು ಇದೊಂದು ಹಾಳಿ ಅಷ್ಟ."

ಅನಸೂಯಾ ಬಾಗಿದಳು. ಆಕೆಯ ಉಸಿರು ನನ್ನ ಮುಖಕ್ಕೆ ತಾಗಿ ಆವಿ ಕಟ್ಟಿತು. ಬೆರಳಿನಿಂದ ಒರೆಸಿ ಮತ್ತೆ ನೋಡಿದಳು. ಭೂತಗನ್ನಡಿ ಹಿಡಿದು ನೋಡಿದಳು. ಹಾಳೆಯನ್ನು ತಿರುಗಿಸಿ ನೋಡಿದಳು. ಕೊನೆಗೆ ಹೇಳಿದಳು:

"ಈ ನರದ ಅಂಚು ಚೂಪ ಐತ್ರಿ. ಆ ನರದ್ದು ತುಸು ಮಂಜ. ಹಂಗಂದ್ರ ಇದು ಮುಂದ, ಅದು ಹಿಂದ. ಕೂಡೂದಿಲ್ಲ ಅನಸತೈತ್ರಿ."

"ಖರೇನ?"

"ನನಗ ಹಂಗ ಕಾಣತೈತ್ರಿ ಸರ್."

ಹಂಚಿನಾಳರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ನಿಮ್ಮ ಕಣ್ಣಿಗೂ ಹಂಗ ಕಂಡ್ರ ನನಗ ಧೈರ್ಯ," ಎಂದರು. ಎರಡನೆಯ ಕಣ್ಣೊಂದು ಸಾಕ್ಷಿ ಹೇಳಿತು ಎಂದು ಅವರು ತಿಳಿದುಕೊಂಡರು. ಆದರೆ ಚೂಪು ಅಂಚು, ಮಂಜು ಅಂಚು ಎಂಬ ಪಾಠ ಅವರದೇ. ರೊಟ್ಟಿ ಮುರಿಯುತ್ತಾ ಆಕೆಗೆ ಅದನ್ನು ಹೇಳಿಕೊಟ್ಟವರು ಅವರೇ. ಆಕೆಯ ಬಾಯಿಂದ ಅದೇ ಮಾತು ವಾಪಸ್ಸು ಬಂದಿತ್ತು ಅಷ್ಟೆ. ಆ ಹೊತ್ತಿನಲ್ಲಿ ಇದು ಇಬ್ಬರಿಗೂ ಹೊಳೆಯಲಿಲ್ಲ.

ಅನಸೂಯಾ ಚಿತ್ರ ಬರೆದಳು. ಅಂಥ ಚಿತ್ರವನ್ನು ಆಕೆ ಮೊದಲು ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ. ಒಬ್ಬಳ ನರಕ್ಕೆ ನೀಲಿ, ಇನ್ನೊಬ್ಬಳದಕ್ಕೆ ಹಸಿರು. ಒಂದರ ಹಿಂದೆ ಇನ್ನೊಂದು ಹಾದು ಹೋಗುತ್ತದೆ ಎಂದು ತೋರಿಸಲು ಚಿತ್ರಗಾರರು ಹಿಂದಿನ ಗೆರೆಯನ್ನು ಆ ಜಾಗದಲ್ಲಿ ತುಸು ಕಡಿದು ಬಿಡುತ್ತಾರೆ. ಆಕೆಯೂ ಹಾಗೇ ಮಾಡಿದಳು. ಹಸಿರು ಗೆರೆ ನೀಲಿ ಗೆರೆಯ ಹತ್ತಿರ ಬಂದು ನಿಂತು, ಒಂದು ಚೂರು ಬಿಳಿ ಜಾಗ ಬಿಟ್ಟು, ಆಚೆ ಕಡೆ ಮತ್ತೆ ಶುರುವಾಯಿತು. ನೋಡಿದವರಿಗೆಲ್ಲ ಎಷ್ಟು ಸಲೀಸಾಗಿ ತಿಳಿಯುತ್ತಿತ್ತೆಂದರೆ, ಅರಿವಳಿಕೆ ಕೊಡುವ ಡಾಕ್ಟರು, ಸಹಾಯಕ್ಕೆ ನಿಲ್ಲುವವರು, ನರ್ಸುಗಳು, ಎಲ್ಲರೂ ಆ ಚಿತ್ರದ ಸುತ್ತಲೇ ಸೇರಿದರು. ಎಕ್ಸ್‌ರೇ ಹಾಳೆ ನನ್ನ ಮೇಲೆ ಒಂಟಿಯಾಗಿ ಬಿದ್ದಿತ್ತು. ಅದರಲ್ಲಿದ್ದ ಅನುಮಾನ ಚಿತ್ರಕ್ಕೆ ಇಳಿದಿರಲಿಲ್ಲ. ಶಾಯಿಯ ಗೆರೆಗೆ 'ಇರಬಹುದು' ಎಂದು ಹೇಳಲು ಬರುವುದಿಲ್ಲ.

ಆಪರೇಷನ್ನಿನ ದಿನ ಬೆಳಿಗ್ಗೆ ಅನಸೂಯಾ ಚಿತ್ರವನ್ನು ಹಿಡಿದುಕೊಂಡು ಹೋದಳು. ಅದನ್ನು ಆಪರೇಷನ್ ಕೋಣೆಯ ಗೋಡೆಗೆ ಅಂಟಿಸಿದರಂತೆ. ಮಧ್ಯಾಹ್ನ ಆಕೆ ಹಿಂದಿರುಗಿದಳು. ತಲೆಗೆ ಕಟ್ಟಿದ ಹಸಿರು ಬಟ್ಟೆಯನ್ನು ಬಿಚ್ಚಲಿಲ್ಲ. ಮೇಜಿನ ಹತ್ತಿರ ಬಂದು ನನ್ನ ಸ್ವಿಚ್ ಒತ್ತಿದಳು. ಮೇಲಿದ್ದ ಹಾಳೆಯನ್ನು ನೋಡಿದಳು. ಆಮೇಲೆ ಆಕೆಯ ಹಣೆ ನನ್ನ ಮೇಲೆ ಬಿತ್ತು. ಬಿಸಿ ನೀರು ನನ್ನ ಮುಖದ ಮೇಲೆ ಹರಿದು ಅಂಚಿನ ತಗಡಿನೊಳಗೆ ಇಳಿಯಿತು. ನನ್ನ ದೀಪಗಳನ್ನು ಸುಟ್ಟುಬಿಡಬೇಕಾದ ನೀರು ಅದು. ಸುಡಲಿಲ್ಲ.

ಆಮೇಲೆ ಹಂಚಿನಾಳರು ಬಂದರು. ಬಾಗಿಲನ್ನು ಮುಚ್ಚಿ ಅದಕ್ಕೇ ಒರಗಿ ನಿಂತರು.

"ಕೂಡಿದ್ವು," ಎಂದರು.

ಆಕೆ ತಲೆ ಎತ್ತಲಿಲ್ಲ.

"ಎರಡೂ ನರ ಅಲ್ಲೇ ಕೂಡಿದ್ವು ಬಾಯಾರ. ನಾ ಕೊಯ್ದೆ. ರಕ್ತ ಹಿಡಿಯಾಕ ಆಗಲಿಲ್ಲ. ದೊಡ್ಡಾಕಿ ಕಡೆಯಿಂದ ಕಟ್ಟಿದ್ವಿ. ಸಣ್ಣಾಕಿ ಕಡೆ ಕಟ್ಟೂದ್ರಾಗ..."

"ನಾನೂ ಅಲ್ಲೇ ಇದ್ನಲ್ರಿ ಸರ್. ಹೊಟ್ಟಿ ತೆರದಾಗ ನಾನೂ ನೋಡೀನಿ. ನನಗ ಆಗನೂ ಬ್ಯಾರೆ ಬ್ಯಾರೆನ ಕಂಡ್ವು."

"ನನಗೂ. ಒಳಗ ನೋಡಾಕತ್ತಿದ್ದೆ, ಆದ್ರ ಕಣ್ಣಾಗ ಇದ್ದದ್ದು ಗೋಡಿ ಮ್ಯಾಲಿನ ಚಿತ್ರ. ಆ ಬಿಳಿ ಜಾಗ ಎಲ್ಲಿ ಐತಿ ಅಂತ ಹುಡುಕಿದೆ. ಸಿಕ್ತು ಅಂತ ತಿಳಕೊಂಡೆ." ಅವರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. "ಕಣ್ಣ ಮುಂದ ಇದ್ದದ್ದು ಕಾಣಲಿಲ್ಲ ನೋಡ್ರಿ."

ಹೊರಗಿನ ವರಾಂಡದಲ್ಲಿ ಫಕೀರವ್ವ ಅಳುವುದು ಕೇಳಿಸುತ್ತಿತ್ತು. ಅವಳ ಎಡಗಡೆ ಬದುಕಿದ ಮಗಳಿದ್ದ ವಾರ್ಡು, ಬಲಗಡೆ ಸತ್ತವಳನ್ನು ಇಟ್ಟಿದ್ದ ಕೋಣೆ. ಯಾವ ಕಡೆ ಹೋಗಬೇಕೆಂದು ಗೊತ್ತಾಗದೆ ನಡುವೆಯೇ ನೆಲದ ಮೇಲೆ ಕುಳಿತಿದ್ದಳಂತೆ.

ಹೊರಗಿನ ಊರಿನಿಂದ ಒಬ್ಬ ಹಿರಿಯ ಸರ್ಜನ್ ಬಂದು ಎಲ್ಲವನ್ನೂ ಕೇಳಿದರು. ನನ್ನ ಮೇಲೆ ಹಾಳೆ ಇಟ್ಟು ಬಹಳ ಹೊತ್ತು ನೋಡಿ, "ಈ ಒಂದು ಹಾಳಿ ಮ್ಯಾಲೆ ಯಾರಿಗೂ ಹೇಳಾಕ ಬರೂದಿಲ್ಲ. ಮೊದಲ ಗೊತ್ತಿದ್ರೂ ಅಕಿ ಹೃದಯ ತಡೀತಿತ್ತೋ ಇಲ್ಲೋ," ಎಂದರು. ಯಾರ ಮೇಲೂ ತಪ್ಪು ಹೊರಿಸದೆ ಹೋದರು. ಯಾರಾದರೂ ತಪ್ಪು ಹೊರಿಸಿದ್ದರೆ ಆ ಇಬ್ಬರಿಗೆ ಹಗುರವಾಗುತ್ತಿತ್ತೇನೋ.

ಅನಸೂಯಾ ಆ ಹಾಳೆಯನ್ನು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದಳು. ಈಗ ಆ ನರಗಳು ಕೂಡಿದಂತೆಯೇ ಕಾಣುತ್ತಿದ್ದವು. ಅಂಚು ಚೂಪು, ಮಂಜು ಎಂದು ಎಷ್ಟು ಹುಡುಕಿದರೂ ಆಕೆಗೆ ಆ ವ್ಯತ್ಯಾಸ ಸಿಗುತ್ತಿರಲಿಲ್ಲ. ಅದೇ ಹಾಳೆ, ಅದೇ ಬೆಳಕು. "ಇಷ್ಟು ಸ್ವಚ್ಛ ಕಾಣತೈತಲ್ಲ, ಅವತ್ತ ನನ್ನ ಕಣ್ಣಿಗೆ ಏನಾಗಿತ್ತು?" ಎಂದು ಒಬ್ಬಳೇ ಕೇಳಿಕೊಳ್ಳುತ್ತಿದ್ದಳು. ಅವತ್ತು ನಾನೂ ಎರಡು ನೆರಳುಗಳನ್ನಷ್ಟೇ ಹೊತ್ತಿದ್ದೆ.

ಆಮೇಲೆ ಆಕೆಯ ಕೈ ಕೆಟ್ಟಿತು. ಗೆರೆ ಎಳೆಯುತ್ತಾ ಹೋಗಿ, ಎರಡು ಗೆರೆ ಸೇರುವ ಕಡೆ ಪೆನ್ನು ನಿಂತುಬಿಡುತ್ತಿತ್ತು. ಶಾಯಿ ಗುಂಡಗೆ ಹರಡಿ ಕಾಗದ ಹಾಳಾಗುತ್ತಿತ್ತು. ಅಂಥ ಕಾಗದಗಳು ಬುಟ್ಟಿ ತುಂಬಿ ನೆಲಕ್ಕೆ ಬಿದ್ದವು. ಊಟ ಬಿಟ್ಟಳು. ಗದ್ದದ ಎಲುಬು ಎದ್ದು ಕಾಣತೊಡಗಿತು. ರಜೆ ಹಾಕಿ ಕಿನ್ನಾಳಕ್ಕೆ ಹೋಗಿ ಬಂದಳು. ಬಂದ ಮೇಲೆ ಬೇರೆ ಥರ ಬರೆಯಲು ಶುರುಮಾಡಿದಳು. ಚೆನ್ನಾಗಿ ಕಂಡಷ್ಟನ್ನು ಮಾತ್ರ ಗೆರೆಯಲ್ಲಿ ಬರೆದು, ಖಾತ್ರಿಯಿಲ್ಲದ ಕಡೆ ಖಾಲಿ ಬಿಡುತ್ತಿದ್ದಳು. ಒಬ್ಬ ಹೊಸ ಡಾಕ್ಟರು ಚಿತ್ರ ಹಿಡಿದುಕೊಂಡು ಬಂದು ರೇಗಿದರು: "ಏನ್ರೀ ಇದು, ಅರ್ಧಕ್ಕ ಬಿಟ್ಟೀರಿ? ಪುಸ್ತಕದಾಗ ಹ್ಯಾಂಗ ಐತಿ ನೋಡಿ ತುಂಬಿಕೊಡ್ರಿ."

"ಅಲ್ಲಿ ನನಗ ಕಾಣಲಿಲ್ರಿ," ಎಂದಳು ಅನಸೂಯಾ. "ಕಂಡಾವರು ತುಂಬ್ಲಿ."

ಆ ಡಾಕ್ಟರು ಸಿಟ್ಟಾಗಿ ಹೋದರು. ಆಕೆಗೆ ಬರುವ ಕೆಲಸ ಕಡಿಮೆಯಾಯಿತು. ಹಂಚಿನಾಳರು ಆಪರೇಷನ್ ಮಾಡುವುದನ್ನೇ ಬಿಟ್ಟು ಬರೀ ಪಾಠ ಹೇಳತೊಡಗಿದ್ದರು. ಈಗಲೂ ಊಟದ ಡಬ್ಬಿ ತರುತ್ತಿದ್ದರು. ಇಬ್ಬರೂ ಎದುರುಬದುರು ಕುಳಿತು ಮಾತಿಲ್ಲದೆ ಉಂಡು ಏಳುತ್ತಿದ್ದರು. ಒಬ್ಬರ ಕಣ್ಣನ್ನು ಒಬ್ಬರು ತಪ್ಪಿಸುತ್ತಿದ್ದರು.

ಹೀಗೆ ವರ್ಷಗಳು ಹೋದವು. ಒಂದು ಮುಂಜಾನೆ ಕೋಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಜೊತೆಗೆ ಶಾಲೆಗೆ ಹೋಗುವ ವಯಸ್ಸಿನ ಒಬ್ಬ ಹುಡುಗಿ.

"ನಮಸ್ಕಾರ್ರಿ ಬಾಯಾರ. ಗುರುತು ಸಿಕ್ತೇನ್ರಿ?"

ಅನಸೂಯಾ ಆಕೆಯ ಮುಖ ನೋಡಿದಳು. ಹುಡುಗಿಯ ಮುಖ ನೋಡಿದಳು. ಗುರುತು ಸಿಗಲಿಲ್ಲ. ಹುಡುಗಿ ಎತ್ತರದ ಕಪಾಟನ್ನು ಮುಟ್ಟಲು ಕೈ ಚಾಚಿದಾಗ ತೊಟ್ಟ ಪೋಲಕ ಹೊಟ್ಟೆಯಿಂದ ಮೇಲೆ ಸರಿಯಿತು. ಎದೆಯ ಕೆಳಗಿನಿಂದ ಹೊಕ್ಕಳವರೆಗೆ ಅಗಲವಾದ ಒಂದು ಗಾಯದ ಕಲೆ. ಅನಸೂಯಾ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಫಕೀರವ್ವಾ," ಎಂದಳು.

"ಹೌದ್ರಿ. ಇಕಿ ನನ್ನ ಮಗಳು ಚನ್ನವ್ವ. ಚಲೋ ಅದಾಳ್ರಿ. ಒಂದು ಕೆಲಸಕ್ಕ ಬಂದೇನಿ." ಫಕೀರವ್ವ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ಅವಾಗ ನೀವು ಕೂಸುಗಳದ್ದು ಭಾಳ ಫೋಟೋ ತೆಗದಿದ್ರಿ. ನನ್ನ ನೀಲವ್ವಂದು ಒಂದು ಕೊಡ್ತೀರೇನ್ರಿ? ಸಣ್ಣಾಕಿದು."

ಆ ಹೆಸರನ್ನು ನಾನು ಕೇಳಿದ್ದು ಅವತ್ತೇ ಮೊದಲು. ಅನಸೂಯಾ ಕೂಡ ಅವತ್ತೇ ಕೇಳಿದಳೆಂದು ಆಕೆಯ ಮುಖವೇ ಹೇಳುತ್ತಿತ್ತು.

ಆಕೆ ಕಪಾಟು ತೆಗೆದಳು. ಕವರು ಹುಡುಕಿದಳು. ಫೋಟೋಗಳನ್ನು ಒಂದೊಂದಾಗಿ ನನ್ನ ಮೇಲೆ ಹರಡಿದಳು. ಎಲ್ಲವೂ ಕುತ್ತಿಗೆಯಿಂದ ತೊಡೆಯವರೆಗೆ. ರೋಗಿಯ ಮುಖ ಬೀಳಬಾರದು, ರೋಗದ ಜಾಗ ಮಾತ್ರ ಬರಬೇಕು, ಅದು ನಿಯಮ. ಮುಂದಿನಿಂದ, ಪಕ್ಕದಿಂದ, ಹತ್ತಿರದಿಂದ ತೆಗೆದ ಕೂಡಿದ ಹೊಟ್ಟೆಯ ಫೋಟೋಗಳು. ಒಂದರಲ್ಲಿ ಗದ್ದದ ತುದಿ ಮಾತ್ರ ಬಿದ್ದಿತ್ತು. ಅದು ಯಾರ ಗದ್ದವೆಂದು ತಿಳಿಯುವಂತಿರಲಿಲ್ಲ.

"ಮುಖ ಎಲ್ಲಿ ಐತ್ರಿ?" ಎಂದು ಕೇಳಿದಳು ಫಕೀರವ್ವ.

ಅನಸೂಯಾ ಫೋಟೋಗಳನ್ನು ಮತ್ತೊಮ್ಮೆ ತಿರುವಿದಳು. ಆ ಮಗುವಿನ ನರದ ಒಂದೊಂದು ತಿರುವನ್ನೂ ಆಕೆ ಕಣ್ಣು ಮುಚ್ಚಿ ಬರೆಯಬಲ್ಲಳು. ಮುಖ ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋದರೆ ಅಲ್ಲಿ ಏನೂ ಇರಲಿಲ್ಲ. ಮರೆತದ್ದಲ್ಲ. ನೋಡಿಯೇ ಇರಲಿಲ್ಲ.

ಆ ಹೊತ್ತಿಗೆ ಹಂಚಿನಾಳರು ಬಂದರು. ಮೀಸೆ ಬೆಳ್ಳಗಾಗಿತ್ತು. ಫಕೀರವ್ವ ಎದ್ದು ನಿಂತು ಅವರನ್ನೂ ಕೇಳಿದಳು: "ಸಾಹೇಬ್ರ, ನಿಮಗರ ನೆನಪೈತೇನ್ರಿ? ಕಡಿಗೆ ಅಕಿನ್ನ ನೋಡಿದಾವರು ನೀವು."

"ಮುಖಕ್ಕ ಬಟ್ಟಿ ಹಾಕಿದ್ರವಾ," ಎಂದರು ಅವರು. "ನಾ ನೋಡಲಿಲ್ಲ."

ಫಕೀರವ್ವ ಅವರ ಮೇಲೆ ಸಿಟ್ಟಾಗಲಿಲ್ಲ. ನೆಲದ ಮೇಲೆ ಕುಳಿತು ಮೆಲ್ಲಗೆ ಹೇಳತೊಡಗಿದಳು. "ಇಕಿ ದಿನಾ ಕಣ್ಣ ಮುಂದ ಅದಾಳ್ರಿ. ಇಕಿ ಮುಖ ನೋಡಿ ನೋಡಿ ಅಕಿ ಮುಖ ಅಳಿಸಿ ಹೊಂಟೈತಿ. ಮಂದಿ ಅಂತಾರ, ಅವಳಿ ಅಲ್ಲೇನ, ಇಕಿನ್ನ ನೋಡಿದ್ರ ಅಕಿನ್ನ ನೋಡಿದಂಗ ಅಂತ. ಅಲ್ರಿ. ಅಕಿ ಬ್ಯಾರೆ ಇದ್ಳು. ಕತ್ತಲಾಗ ಮುಟ್ಟಿದ್ರೂ ಇಕಿ ಚನ್ನಿ, ಅಕಿ ನೀಲಿ ಅಂತ ನನಗ ತಿಳೀತಿತ್ತು. ಈಗ ಹ್ಯಾಂಗ ಬ್ಯಾರೆ ಇದ್ಳಂತ ಹೇಳಾಕ ಬರವಲ್ದು. ಇನ್ನೊಂದು ವರ್ಷ ಹೋತಂದ್ರ ಅಕಿ ಪೂರಾ ಹೋಗತಾಳ್ರಿ." ಚನ್ನವ್ವನ ಕಡೆ ಕೈ ತೋರಿಸಿದಳು. "ಅಕಿ ಮುಖಾನ ಎಲ್ಲಾರಿಗಿಂತ ಹೆಚ್ಚು ನೋಡಿದಾಕಿ ಇಕಿ. ಇಕಿಗೆ ನೆನಪಿಲ್ಲ."

ಅನಸೂಯಾ ಫೋಟೋಗಳನ್ನು ಒಂದು ಕಡೆ ಸರಿಸಿದಳು. ನನ್ನ ದೀಪ ಹಚ್ಚಿದಳು. ತೆಳು ಕಾಗದ ಹಾಸಿ ಪೆನ್ಸಿಲ್ ತೆಗೆದುಕೊಂಡಳು. "ಹೇಳವಾ," ಎಂದಳು. "ನೀ ಹೇಳಿದಂಗ ಬರೀತೀನಿ."

ಚನ್ನವ್ವನ ಮುಖವನ್ನು ನೋಡಿ ಮೊದಲ ಗೆರೆ ಎಳೆದಳು. ಗಲ್ಲ ಸಣ್ಣದು ಮಾಡ್ರಿ ಎಂದಳು ಫಕೀರವ್ವ. ಹುಬ್ಬು ಇಷ್ಟು ದಪ್ಪ ಇರಲಿಲ್ಲ ಎಂದಳು. ಹಳೆಯ ಕಾಗದದ ಮೇಲೆ ಹೊಸ ಕಾಗದ ಹಾಸಿ, ಸರಿಯಾದ ಗೆರೆಗಳನ್ನಷ್ಟೇ ಉಳಿಸಿ, ತಪ್ಪಿದವನ್ನು ಬಿಟ್ಟು ಮತ್ತೆ ಬರೆಯುತ್ತಿದ್ದಳು. ಪ್ರತಿ ಸಲವೂ ಫಕೀರವ್ವ ತಲೆ ಅಲ್ಲಾಡಿಸುತ್ತಿದ್ದಳು. "ಇಲ್ರಿ. ಇದು ಮತ್ತ ಚನ್ನೀನ ಆತು." ಎದುರಿಗೆ ಕುಳಿತ ಜೀವಂತ ಮುಖ ಪೆನ್ಸಿಲನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು. ತಾಯಿಯ ಕಣ್ಣನ್ನೂ ಎಳೆದುಕೊಳ್ಳುತ್ತಿತ್ತು.

ಹಂಚಿನಾಳರು ಅದನ್ನು ಗಮನಿಸಿದರು. "ಬಾರವಾ, ಹೊರಗ ಅಳಿಲ ಅದಾವು, ನೋಡೂಣು," ಎಂದು ಚನ್ನವ್ವನ ಕೈ ಹಿಡಿದು ವರಾಂಡಕ್ಕೆ ಕರೆದುಕೊಂಡು ಹೋದರು. ಆಪರೇಷನ್ನಿನ ದಿನದಿಂದ ಇತ್ತ ಅವರು ಆ ಮಗುವನ್ನು ಮುಟ್ಟಿದ್ದು ಅವತ್ತೇ ಮೊದಲಿರಬೇಕು.

"ಕಣ್ಣ ಮುಚ್ಚಿಕೋ," ಎಂದಳು ಅನಸೂಯಾ. "ಮುಖ ಹ್ಯಾಂಗಿತ್ತು ಅಂತ ನೆನಸಬ್ಯಾಡ. ಅಕಿ ಏನ ಮಾಡ್ತಿದ್ಳು ಹೇಳು."

ಫಕೀರವ್ವ ಕಣ್ಣು ಮುಚ್ಚಿದಳು. "ಹಾಲ ಕುಡಿಯೂವಾಗ ಸುಸ್ತಾಗಿ ನಡುವ ಬಿಡತಿದ್ಳು," ಎಂದಳು. "ಬಿಟ್ಟು ನನ್ನ ನೋಡತಿದ್ಳು. ಹಣಿ ಮ್ಯಾಲೆ ಹಿಂಗ ಒಂದು ಗೆರಿ ಬರತಿತ್ತು, ದೊಡ್ಡಾವರಂಗ. ಬಾಯಿ ಒಂದು ಕಡೆ ತುಸು ತೆರದಿರತಿತ್ತು. ಕಣ್ಣು...ಇಕಿ ಕಣ್ಣು ಎಲ್ಲಾ ಕಡೆ ಓಡ್ಯಾಡತಾವು. ಅಕಿವು ಒಂದ ಕಡೆ ನಿಂತಿರತಿದ್ವು."

ಅನಸೂಯಾ ಬರೆಯುತ್ತಾ ಹೋದಳು. ಗೆರೆ ಸೇರುವ ಕಡೆ ಪೆನ್ಸಿಲ್ ನಿಲ್ಲಲಿಲ್ಲ. ಹಣೆಯ ಗೆರೆ ಬಂತು. ತುಸು ತೆರೆದ ಬಾಯಿ ಬಂತು. ನಿಂತ ಕಣ್ಣು ಬಂತು. ಒಂದು ಕಡೆಯ ಕಿವಿಯ ಹತ್ತಿರ ಬಂದಾಗ ಕೇಳಿದಳು. ಫಕೀರವ್ವನಿಗೆ ಕಿವಿ ನೆನಪಿಗೆ ಬರಲಿಲ್ಲ. ಎಷ್ಟು ಒತ್ತಾಯ ಮಾಡಿಕೊಂಡರೂ ಬರಲಿಲ್ಲ.

"ಚನ್ನಿದು ನೋಡಿ ಹಾಕಲೇನು?"

"ಬ್ಯಾಡ್ರಿ," ಎಂದಳು ಫಕೀರವ್ವ ತಟ್ಟನೆ. "ಬಿಡ್ರಿ ಹಂಗ."

ಕಿವಿಯ ಜಾಗ ಖಾಲಿಯೇ ಉಳಿಯಿತು. ಅನಸೂಯಾ ಪೆನ್ಸಿಲ್ ಕೆಳಗಿಟ್ಟಳು. ಫಕೀರವ್ವ ಎದ್ದು ಬಂದು ನನ್ನ ಮೇಲೆ ಬಾಗಿದಳು. ನನ್ನ ಮೇಲೆ ಬಾಗಿದ ಮುಖಗಳಲ್ಲಿ ಅಂಥ ಮುಖ ನಾನು ಕಂಡಿಲ್ಲ. ರೋಗ ಹುಡುಕುವ ಕಣ್ಣಲ್ಲ, ಅಂಚು ಹುಡುಕುವ ಕಣ್ಣಲ್ಲ. ಬಾವಿಯೊಳಗೆ ಬಿದ್ದವರನ್ನು ಮೇಲಿನಿಂದ ಕೂಗುವವರ ಕಣ್ಣು.

"ಇದು ಅಕಿನ ಅಂತ ಆಣಿ ಮಾಡಿ ಹೇಳಾಕ ನನಗ ಬರೂದಿಲ್ರಿ," ಎಂದಳು ಕೊನೆಗೆ. "ಆದ್ರ ಇದು ಇಕಿ ಅಲ್ಲ."

ಅಷ್ಟು ಹೇಳಿ ಕಾಗದವನ್ನು ಸೆರಗಿನೊಳಗೆ ಇಟ್ಟುಕೊಂಡಳು. ಅನಸೂಯಾ ಅವಳನ್ನು ಬಾಗಿಲವರೆಗೆ ಕಳಿಸಲು ಹೋದಳು. ಬಾಗಿಲಲ್ಲಿ ಇಬ್ಬರೂ ಏನಾದರೂ ಮಾತಾಡಿದರೇನೋ, ನನಗೆ ಕೇಳಿಸಲಿಲ್ಲ. ಹಿಂದಿರುಗಿದ ಅನಸೂಯಾ ಸ್ಟೂಲಿನ ಮೇಲೆ ಕುಳಿತು ನನ್ನ ಖಾಲಿ ಬೆಳಕನ್ನೇ ನೋಡುತ್ತಿದ್ದಳು. ಹಂಚಿನಾಳರು ಒಳಗೆ ಬಂದು ಎದುರಿಗೆ ಕುಳಿತರು. ಅವತ್ತು ಅವರು ಒಬ್ಬರ ಕಣ್ಣನ್ನು ಒಬ್ಬರು ತಪ್ಪಿಸಲಿಲ್ಲ. ನೋಡಿದರು, ಅಷ್ಟೆ. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ.

ಆಮೇಲಿನದು ಹೇಳುವಷ್ಟಿಲ್ಲ. ಹಂಚಿನಾಳರು ನಿವೃತ್ತರಾಗಿ ಹೋದರು. ಮುಂದೆ ಅನಸೂಯಾಳೂ ಹೋದಳು. ಆಕೆಯ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಎಕ್ಸ್‌ರೇಗಳು ಕಂಪ್ಯೂಟರಿನ ಪರದೆಗೆ ಹೋದವು. ಕೂಡಿದ ನರ ಯಾವುದು, ಬೇರೆ ನರ ಯಾವುದು ಎಂದು ಈಗಿನ ಯಂತ್ರಗಳು ತಿರುಗಿಸಿ ತಿರುಗಿಸಿ ತೋರಿಸುತ್ತವೆಯಂತೆ. ಒಳ್ಳೆಯದು. ಅದು ಆಗ ಇದ್ದಿದ್ದರೆ ಎಂದು ಯೋಚಿಸುವುದನ್ನು ನಾನು ಬಿಟ್ಟಿದ್ದೇನೆ.

ಈಗ ನಾನು ಕಾಲೇಜಿನ ಹಿಂದಿನ ಗೋದಾಮಿನಲ್ಲಿದ್ದೇನೆ. ಕಾಲು ಮುರಿದ ಮಂಚ, ಸೂಜಿ ಕಾಯಿಸುವ ಹಳೆಯ ಡಬ್ಬಿ, ತುಕ್ಕು ಹಿಡಿದ ಗಾಲಿಕುರ್ಚಿ ನನ್ನ ಜೊತೆಗಿವೆ. ಟ್ಯೂಬ್‌ಲೈಟು ಒಡೆದಿದೆ. ಮುಖದ ಬಿಳಿ ಹಾಳೆ ಹಳದಿಯಾಗಿದೆ. ಗುಜರಿಯವನು ಒಂದು ದಿನ ಬರುತ್ತಾನೆ, ತಗಡನ್ನು ಮಡಚಿ ತೂಕಕ್ಕೆ ಹಾಕುತ್ತಾನೆ. ಅದರ ಭಯ ನನಗಿಲ್ಲ. ಭಯವಿರುವುದು ಒಂದಕ್ಕೇ. ಅನಸೂಯಾ ಅವತ್ತು ಬರೆದದ್ದು ಪೆನ್ಸಿಲಿನಲ್ಲಿ, ತೆಳು ಕಾಗದದ ಮೇಲೆ. ಪೆನ್ಸಿಲ್ ಗೆರೆ ಕೈ ತಾಗಿದಷ್ಟೂ ಮಾಸುತ್ತದೆ, ತಾಯಿಯ ಕೈ ಅದನ್ನು ಮುಟ್ಟದೆ ಇರಲಾರದು.